ನಾಡನ್ನು ಒಪ್ಪಿಸುವ ಕೆಲಸ

ಅಜ್ಟೆಕ್ ಕಡಲತೀರದಲ್ಲಿ, ಬಂದ ಸ್ಪೇನಿನವರಿಗೆಲ್ಲ ನಾಡನ್ನು ಒಪ್ಪಿಸುವ ಕೆಲಸ ಶೋಕೋಳದು. ಅವಳ ಅಜ್ಜಿಯೂ ಅದನ್ನೇ ಮಾಡಿಕೊಂಡಿದ್ದಳು. ಬಂದವರಿಗೆ ‘ಎಲ್ಲ ನಿಮ್ಮದೇ’ ಅನ್ನುವುದು ಅಲ್ಲಿಯ ಮರ್ಯಾದೆ. ಅದನ್ನು ನಿಜವೆಂದು ನಂಬಿಬಿಡುವುದು ಸ್ಪೇನಿನವರ ಚಾಳಿ. ಮನೆ ಯಾರದೋ ಅವರೇ ಅಂಗಳವನ್ನೂ ಗುಡಿಸಬೇಕು ಎಂಬುದು ಮಾತ್ರ ಅವರಿಗೆ ಆಮೇಲೆ ಗೊತ್ತಾಗುತ್ತಿತ್ತು. ಅವರು ಬಾರದಿದ್ದರೆ ಅಷ್ಟುದ್ದದ ದಡ ಗುಡಿಸುವುದು ಶೋಕೋಳ ತಲೆಗೇ ಬರುತ್ತಿತ್ತು.

ಆ ಬೆಳಿಗ್ಗೆಯೂ ಒಂದು ಹಡಗು ಬಂತು. ಕಪ್ತಾನ ಬೆಲ್ತ್ರಾನ್ ಇಳಿದವನೇ, ಈ ನೆಲ ತಮ್ಮ ದೊರೆಯದೆಂಬ ಫರ್ಮಾನನ್ನು ಗಂಟಲು ಹರಿಯುವಂತೆ ಓದಿದ. ಶೋಕೋ ನೊರೆನೊರೆಯಾದ ಕೋಕೋ ಕೊಟ್ಟು, ಎಂದಿನ ಬಾಯಿಪಾಠ ಒಪ್ಪಿಸಿದಳು.

“ದಣಿದು ಬಂದಿದೀರಿ ಸ್ವಾಮಿ. ಇದೆಲ್ಲಾ ನಿಮ್ದೇ. ನೀವು ಬರೋವರ್ಗೂ ನಾವು ನೋಡ್ಕೊಂಡಿದ್ವಿ, ಅಷ್ಟೇ.”

ಹೇಳುತ್ತಲೇ ಪೊರಕೆ ಮುಂದೆ ಚಾಚಿದಳು. ಬೆಲ್ತ್ರಾನ್ ಪೊರಕೆಯನ್ನು ನೋಡಿದ. ಅವಳ ಹಿಂದೆ ಬಗ್ಗಿ ಮರಳು ಗುಡಿಸುತ್ತಿದ್ದ ನಲವತ್ತು ಕಪ್ತಾನರನ್ನು ನೋಡಿದ. ಮೆಲ್ಲಗೆ ಫರ್ಮಾನು ಮಡಚಿ ಜೇಬಿಗಿಟ್ಟ.

“ಛೇ ಛೇ, ಎಲ್ಲಾದ್ರೂ ಉಂಟಾ ತಾಯಿ! ನಮ್ದೆಲ್ಲಿಂದ ಬಂತು? ಎಲ್ಲಾ ನಿಮ್ದೇ. ನಾನು ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ.”

ಅಜ್ಜಿಯ ಕಾಲದಿಂದಲೂ ಯಾರೂ ಹೀಗೆ ಅಂದಿರಲಿಲ್ಲ. ಚಾಚಿದ ಪೊರಕೆ ಶೋಕೋಳ ಕೈಯಲ್ಲೇ ಉಳಿಯಿತು.

ದಡದುದ್ದಕ್ಕೂ ಗುಡಿಸುವ ಸದ್ದು ನಿಂತುಹೋಯಿತು. ಹತ್ತೊಂಬತ್ತು ವರ್ಷಗಳಿಂದ ಗುಡಿಸುತ್ತಿದ್ದ ಮುದಿ ಕಪ್ತಾನ ಲೋಪೆ, ಸೊಂಟ ಹಿಡಿದುಕೊಂಡು ನೆಟ್ಟಗೆ ನಿಂತ.

“ಹಂಗೂ ಅನ್ಬೋದಿತ್ತಾ?” ಎಂದ.