ಎಸ್.ಡಿ. ಎಂದರೆ ಸಹಿ ಆಗಿದೆ

ಸಾಗರದ ಬಸ್ಸು ಹೊರಟಾಗಿತ್ತು. ಟೈಪಿಸ್ಟ್ ಶ್ಯಾಮ ಅದರ ಹಿಂದೆ ಓಡಿ, ಬಾಗಿಲ ಸರಳು ಹಿಡಿದು ನೇತಾಡಿ ಹತ್ತಿಕೊಂಡ.

‘ಹೆಣ್ಣು ನೋಡಕ್ ಹೊರಟ್ರಾ ಮಾರಾಯ್ರೆ, ಇಷ್ಟು ಅರ್ಜೆಂಟು?’ ಎಂದ ಕಂಡಕ್ಟರ್.

ಶ್ಯಾಮನಿಗೆ ನಗು ಬರಲಿಲ್ಲ. ಸೋಮವಾರ ಹೊಸನಗರದಲ್ಲಿ ಅವನಷ್ಟು ನಕ್ಕವರಿರಲಿಲ್ಲ. ಇವತ್ತು ಗುರುವಾರ.

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಇಲಾಖೆ ಯಾವುದೆಂದು ಮಾತ್ರ ಕೇಳಬೇಡಿ. ಇಸವಿ ಅರವತ್ಮೂರು. ಸಾಹೇಬರು ಸಾಗರದಲ್ಲಿ, ಶಾಖೆಗಳು ಹೊಸನಗರ ಮತ್ತು ತೀರ್ಥಹಳ್ಳಿಯಲ್ಲಿ. ಹೊಸನಗರದ ಶಾಖೆ ಎಂದರೆ ಮೂರೇ ಜನ: ಹೆಡ್ ಕ್ಲರ್ಕ್ ಮುಕುಂದಯ್ಯ, ಟೈಪಿಸ್ಟ್ ಶ್ಯಾಮ, ಜವಾನ ಧರ್ಮಪ್ಪ.

ಮುಕುಂದಯ್ಯನವರಿಗೆ ಕಾಗದದ ಮೇಲ್ಭಾಗಕ್ಕಿಂತ ಕೆಳಭಾಗದ ಮೇಲೆ ಭಕ್ತಿ ಹೆಚ್ಚು. ‘ಸಿ.ಸಿ. ಅನ್ನೋದು ಮದುವೆ ಕರೆಯೋಲೆ ಅಲ್ಲ ಶ್ಯಾಮ, ಕಂಡವರಿಗೆಲ್ಲ ಹಾಕೋಕೆ. ಯಾರಿಗೆ ಕೆಲಸ ಇದೆಯೋ ಅವರಿಗೆ ಕಾರ್ಬನ್ ಕಾಪಿ. ಪಿ.ಎಸ್. ಹಾಕೋದು ಪ್ರೇಮಪತ್ರಕ್ಕೆ, ಸರ್ಕಾರಕ್ಕೆ ನೆನಪಾದ್ದೆಲ್ಲ ಮೇಲೇ ಬರೀಬೇಕು.’ ಅವರು ಆಚೆ ಹೋದ ಕೂಡಲೇ ಶ್ಯಾಮ ಇದನ್ನೇ ಅವರ ಮೂಗಿನ ದನಿಯಲ್ಲಿ ಹೇಳುತ್ತಿದ್ದ. ಧರ್ಮಪ್ಪ ಬಾಯಿಗೆ ಟವೆಲ್ಲು ಒತ್ತಿಕೊಳ್ಳುತ್ತಿದ್ದ.

ಮುಕುಂದಯ್ಯನವರು ಮನೆಯ ಸುದ್ದಿ ಎತ್ತಿದವರಲ್ಲ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಇಳಿಯುವುದು ಸೋಮವಾರ ಬೆಳಿಗ್ಗೆ. ಯಾವುದೋ ದೇವರ ಹರಕೆ ಎಂದು ಕಚೇರಿ ನಂಬಿತ್ತು. ಹೊಸನಗರದ ಕುರ್ಚಿ ಬಿಟ್ಟರೆ ಅವರ ಉಸಿರು ನಿಲ್ಲುತ್ತದೆ ಎಂದು ಶ್ಯಾಮ ನಂಬಿದ್ದ.

ಆದ್ದರಿಂದಲೇ ಸೋಮವಾರ ಅವರ ವರ್ಗದ ಆರ್ಡರನ್ನು ತಾನೇ ಟೈಪ್ ಹೊಡೆದ. ‘ತೀರ್ಥಹಳ್ಳಿಗೆ. ತಕ್ಷಣ.’ ಸಾಹೇಬರ ಸಹಿ ನಕಲು ಮಾಡುವ ಗೋಜೇ ಇರಲಿಲ್ಲ. ಪ್ರತಿಗಳಲ್ಲಿ ಸಹಿ ಇರುವುದಿಲ್ಲ, ‘ಎಸ್.ಡಿ.’ ಎಂದು ಎರಡಕ್ಷರ ಕುಟ್ಟಿದರೆ ಮೂಲದಲ್ಲಿ ಸಹಿ ಆಗಿದೆ ಎಂದರ್ಥ. ಮೂಲ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಹಾಳೆಯನ್ನು ಟಪಾಲಿನಲ್ಲಿ ಸೇರಿಸಿದ.

ಮುಕುಂದಯ್ಯ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ‘ಟೈಪ್‌ರೈಟರ್ ಕೀಲಿಕೈ ಇಟ್ಟು ಹೋಗು. ಚಾರ್ಜ್ ಒಪ್ಪಿಸೋ ಪಟ್ಟಿ ಹೊಡೀಬೇಕು,’ ಎಂದರು.

ಶ್ಯಾಮ ಸತ್ಯ ಹೇಳಬಹುದಿತ್ತು. ಆದರೆ ಚಿಕ್ಕಪ್ಪನ ಮಗಳ ಮದುವೆಗೆ ಎರಡು ದಿನ ರಜೆ ಹಾಕಿದ್ದ. ‘ಬಂದು ಹೇಳಿದ್ರಾಯ್ತು, ಅಲ್ಲೀವರೆಗೆ ಬೇಯಲಿ,’ ಎಂದು ಧರ್ಮಪ್ಪನಿಗೆ ಕಣ್ಣು ಹೊಡೆದು ಹೊರಟ.

ಗುರುವಾರ ಬಂದಾಗ ಕುರ್ಚಿ ಖಾಲಿ.

‘ಪೆಟ್ಟಿಗೆ ಸಮೇತ ಹೋದ್ರು. ಎಲ್ಲಾ ಕಡೆಗೂ ಕಾಗದ ಹಾಕಿದಾರೆ,’ ಎಂದ ಧರ್ಮಪ್ಪ. ‘ನಾನಂತೂ ಏನೂ ನೋಡಿಲ್ಲ, ಆಯ್ತಾ?’

ಶ್ಯಾಮನ ಕೆಲಸ ಕಾಯಂ ಆಗಲು ಇನ್ನು ಎರಡು ತಿಂಗಳಿತ್ತು. ಸುಳ್ಳು ಆರ್ಡರ್ ಸಾಹೇಬರ ಕಣ್ಣಿಗೆ ಬಿದ್ದರೆ ಕೆಲಸ ಹೋಗುತ್ತದೆ. ಪೊಲೀಸರು ಬಂದರೂ ಬಂದಾರು. ಅದಕ್ಕೇ ಈ ಓಟ.

ಸಾಗರದಲ್ಲಿ ಟಪಾಲು ಗುಮಾಸ್ತ ಮಹಾಗಣಪತಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

‘ಮುಕುಂದಯ್ಯನವರ ಕಾಗದ ಬಂತಾ?’

‘ಬಂದು, ನಾವೆಲ್ಲ ಬೆವರಿದ್ದೂ ಆಯ್ತು. “ಈ ಆರ್ಡರ್ ನಾನ್ಯಾವಾಗ ಮಾಡಿದ್ದು?” ಅಂತ ಸಾಹೇಬರು ನನ್ನ ಕೇಳಿದ್ರು. ನಾನು ಅಕೌಂಟ್ಸ್‌ನವರನ್ನ ಕೇಳಿದೆ. ಎಲ್ಲರ ಹತ್ರಾನೂ ಕಾಪಿ ಇದೆ, ಒರಿಜಿನಲ್ ಯಾರ ಹತ್ರಾನೂ ಇಲ್ಲ.’

ಶ್ಯಾಮ ಹೊಡೆದದ್ದು ಒಂದೇ ಹಾಳೆ. ‘ಎಲ್ಲರ ಹತ್ರಾನೂ?’

‘ತೀರ್ಥಹಳ್ಳಿಗೆ, ಅಕೌಂಟ್ಸಿಗೆ, ಟ್ರೆಜರಿಗೆ. ಸಂಬಳ ಇನ್ಮೇಲೆ ತೀರ್ಥಹಳ್ಳೀಲಿ ಅಂತ ಟ್ರೆಜರಿಯವರು ಬರಕೊಂಡೂ ಆಯ್ತು. ಇನ್ನು ನಾನು ಆರ್ಡರ್ ಮಾಡೇ ಇಲ್ಲ ಅಂದ್ರೆ ಸಾಹೇಬರ ಮರ್ಯಾದೆ ಏನಾಗಬೇಕು? “ಹಿಂದಿನ ಆದೇಶ ಕಾಯಂ” ಅಂತ ಇವತ್ತು ಬೆಳಿಗ್ಗೆ ಸಹಿ ಹಾಕಿದ್ರು. ಹಸಿರು ಮಸಿ.’

ಶ್ಯಾಮ ಉಸಿರು ಬಿಟ್ಟ, ಮತ್ತೆ ಹಿಡಿದುಕೊಂಡ. ಅವನು ಹೊಡೆದ ಆ ಒಂದು ಹಾಳೆ ಇನ್ನೂ ಮುಕುಂದಯ್ಯನವರ ಹತ್ತಿರವೇ ಇದೆ. ಅದು ಸಾಗರದಲ್ಲಿ ಹೊಡೆದದ್ದಲ್ಲ ಎಂದು ಅವರಿಗೆ ಒಂದು ದಿನ ಹೊಳೆದರೆ ಸಾಕು.

ತೀರ್ಥಹಳ್ಳಿಯ ಬಸ್ಸು ಇಳಿದಾಗ ಸಂಜೆ ಐದು. ಶಾಖೆಯಲ್ಲಿ ಮುಕುಂದಯ್ಯನವರ ಮನೆಯ ವಿಳಾಸ ಕೇಳಿಕೊಂಡು ಹೋದ. ಮುಕುಂದಯ್ಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಒಬ್ಬ ಹೆಂಗಸು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದಳು.

ಶ್ಯಾಮ ಕಾಲು ಹಿಡಿದ. ‘ತಪ್ಪಾಯ್ತು ಸಾರ್. ಆ ಆರ್ಡರ್ ನಾನು ಹೊಡೆದದ್ದು. ಬೈರಿ, ಹೊಡೀರಿ. ಆ ಹಾಳೆ ಒಂದು ನನಗೆ ಕೊಡಿ.’

‘ಅದು ಬಚ್ಚಲೊಲೆಗೆ ಹೋಗಿ ಮೂರು ದಿನ ಆಯ್ತಲ್ಲ.’

‘ಸುಟ್ರಾ? ಯಾಕೆ?’

‘ವರ್ಗದ ಆರ್ಡರು, ಟ್ರೆಜರಿಗೇ ಸಿ.ಸಿ. ಇಲ್ಲ. ಅಂಥಾದ್ದನ್ನ ಹೊಡೆಯೋ ಗಾಂಪ ಈ ಮೂರು ತಾಲೂಕಲ್ಲಿ ಯಾರು ಅಂತ ನನಗೆ ಗೊತ್ತಿಲ್ವಾ? ಅದಕ್ಕೇ ರಾತ್ರಿ ಕೂತು, ಕಾರ್ಬನ್ ಇಟ್ಟು, ಎಲ್ಲರಿಗೂ ಸರಿಯಾಗಿ ನಾನೇ ಹೊಡೆದೆ.’

ಶ್ಯಾಮ ಹಿಡಿದ ಕಾಲು ಬಿಟ್ಟು ಎದ್ದು ಕೂತ.

‘ಇವಳು ಶರಾವತಿ, ನನ್ನ ಹೆಂಡತಿ, ಒಂಬತ್ತು ವರ್ಷದಿಂದ ಇದೇ ಊರಿನ ಸ್ಕೂಲಲ್ಲಿ ಟೀಚರು. ಇಲ್ಲಿಗೆ ಹಾಕಿ ಅಂತ ಏಳು ಅರ್ಜಿ ಕೊಟ್ಟೆ ಮಾರಾಯ. ಎಲ್ಲಾ ಒರಿಜಿನಲ್ಲು, ನನ್ನದೇ ಸಹಿ, ಒಂದೂ ನಡೀಲಿಲ್ಲ,’ ಎಂದು ಮುಕುಂದಯ್ಯ ನಗತೊಡಗಿದರು. ಎದುರು ಮನೆಯವರು ಬಾಗಿಲು ತೆರೆದು ನೋಡಿದರೂ ನಿಲ್ಲಿಸಲಿಲ್ಲ.