ಬೆಲ್ಲದ ಮದ್ದು

"ದಿನಾ ಸಂಜೆ ಒಬ್ಬೊಬ್ಬರಿಗೂ ಒಂದೊಂದು ಉಂಡೆ ಬೆಲ್ಲ ಕೊಡ್ತೀನಿ. ಅದನ್ನು ತಿಂದಮೇಲೂ ಧೂಳು ಎದೇಲಿ ಕೂರುತ್ತೆ ಅಂದ್ರೆ ಯಾರು ನಂಬ್ತಾರೆ?" ಧಣಿ ಮೇಜು ಗುದ್ದಿದರು.

ಮಿಲ್ಲಿನ ಆಫೀಸಿನಲ್ಲಿ ಅವರೆದುರು ನಿಂತಿದ್ದ ಹೊನ್ನೂರಮ್ಮ ಕದಲಲಿಲ್ಲ. ಅವಳೂ ಅವಳ ಗಂಡನೂ ಈ ಮಿಲ್ಲಿನಲ್ಲಿ ಬೆಣಚುಕಲ್ಲು ಪುಡಿ ಮಾಡುವವರು. ಆ ಪುಡಿ, ಗಾಜಿನ ಕಾರ್ಖಾನೆಗೆ ಹೋಗಿ ಗಾಜಾಗಿ ಫಳಫಳ ಹೊಳೆಯುತ್ತಿತ್ತು. ಗಂಡ ಹಾಸಿಗೆ ಹಿಡಿದು ಕೆಮ್ಮುತ್ತಿದ್ದ.

"ಅವರ ಎದೆ ಹಾಳಾಗಿದ್ದು ಆಯ್ತು ಧಣಿ. ಉಳಿದವರಿಗಾದ್ರೂ ಧೂಳು ಎಳೆಯೋ ಫ್ಯಾನು ಹಾಕಿಸ್ರಿ."

"ಅದು ಬರೀ ಕಲ್ಲಿನ ಪುಡಿ, ವಿಷ ಅಲ್ಲ! ಎಷ್ಟು ಒಳಗೆ ಹೋದ್ರೂ ಬೆಲ್ಲ ಎಳ್ಕೊಂಡು ಬರುತ್ತೆ. ನಮ್ಮಪ್ಪನ ಕಾಲದ ಮದ್ದು."

ಇಂಥ ವೈದ್ಯರು ಇಲ್ಲೇ ಇರುವಾಗ ಗಂಡನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ ತನ್ನ ದಡ್ಡತನಕ್ಕೆ ಹೊನ್ನೂರಮ್ಮನಿಗೆ ನಗು ಬಂತು. "ಹಾಗಾದ್ರೆ ಸರಿ ಬಿಡ್ರಿ" ಎಂದು, ಏಸಿ ತಂಪು ಹೋಗದಂತೆ ಬಿಗಿದಿದ್ದ ಕಿಟಕಿಯ ಚಿಲಕ ತೆಗೆದಳು. ಮಿಲ್ಲಿನ ಬಿಳಿ ಧೂಳು ಭರ್ರನೆ ಒಳಗೆ ನುಗ್ಗಿತು.

"ಏಯ್, ಮುಚ್ಚೇ ಅದನ್ನ!"

ಅವಳು ಮುಚ್ಚಲಿಲ್ಲ. ಧಣಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊರಗೋಡಿ ಕಾರು ಹತ್ತಿದರು. ಹೊನ್ನೂರಮ್ಮ ಸೆರಗಿನ ಗಂಟು ಬಿಚ್ಚಿ, ನಿನ್ನೆಯ ಉಂಡೆಯನ್ನು ಎತ್ತಿ ಹಿಡಿದು, ಹೊರಟ ಕಾರಿನತ್ತ ಕಿಟಕಿಯಿಂದಲೇ ಕೂಗಿದಳು:

"ಧಣೀ, ಬೆಲ್ಲ ತಿಂದು ಹೋಗ್ರಿ!"