‘ತೆಗೆ’ ಎಂಬ ಗುಂಡಿ

ಯಮುನವ್ವ ಮೊಬೈಲನ್ನು ಜಿನೇಶನ ಮೇಜಿನ ಮೇಲೆ ಕುಕ್ಕಿದಳು. “ನನ್ನ ಕುರಿ ಎಲ್ಲಿ ಹೋದ್ವು, ಹೇಳ್ರಿ.”

ಕುರಿಗಳೇನೋ ದತ್ತವಾಡದ ಹೊರಗೆ, ಕಬ್ಬು ಕಡಿದ ಹೊಲದಲ್ಲಿ ನೂರಾ ಹನ್ನೆರಡೂ ಮೇಯುತ್ತಲೇ ಇದ್ದವು. ಮೊಬೈಲಿನಲ್ಲಿ ಮಾತ್ರ ಒಂದೂ ಉಳಿದಿರಲಿಲ್ಲ. ಯಾವ ಕುರಿ ಯಾವ ತಾರೀಖಿಗೆ ಟಗರಿನ ಜೊತೆ ಕೂಡಿತ್ತು, ಯಾವುದು ಗಬ್ಬ, ಯಾವುದು ಅಲ್ಲ ಎಂಬ ನಾಲ್ಕು ವರ್ಷದ ದಾಖಲೆ ಅಳಿಸಿಹೋಗಿತ್ತು. ನಾಳೆ ಜಂತಿನ ಔಷಧ ಹಾಕಲು ಡಾಕ್ಟರು ಬರುವವರಿದ್ದರು. ಹೊಸದಾಗಿ ಗಬ್ಬಾದ ಕುರಿಯ ಹೊಟ್ಟೆಗೆ ಆ ಔಷಧ ಹೋದರೆ ಮರಿ ಉಳಿಯುವುದಿಲ್ಲ. ತಿಂಗಳೊಳಗಿನ ಗಬ್ಬ ಎಂಥ ಕುರುಬನ ಕಣ್ಣಿಗೂ ಕಾಣುವುದಿಲ್ಲ, ಅದಕ್ಕೆ ತಾರೀಖೇ ಬೇಕು.

‘ಕುರಿ ದಪ್ತರ’ ಎಂಬುದು ಯಾರು ಬೇಕಾದರೂ ಪುಕ್ಕಟೆ ಪಡೆದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶ. ನಾಂದಣಿಯ ಜಿನೇಶ ಅದರ ಉಸ್ತುವಾರಿ. ಅದನ್ನು ಈ ಗಡಿಯ ಕನ್ನಡಕ್ಕೆ ತಂದವಳು ಯಮುನವ್ವನ ತಮ್ಮನ ಮಗಳು ಸಾರಿಕಾ. ಗಡಹಿಂಗ್ಲಜದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ತಂತ್ರಾಂಶ ಬದಲಾದಾಗಲೆಲ್ಲ ಅವಳ ಅನುವಾದವನ್ನು ಹೊಸದಕ್ಕೆ ದಾಟಿಸಲು ಒಂದು ಪುಟ್ಟ ಟೂಲ್ ಇತ್ತು. ಅದನ್ನು ಬರೆದವಳೂ ಅವಳೇ. ಹೋದ ವಾರ ಜಿನೇಶ ಅದನ್ನು ನಿವೃತ್ತಿ ಮಾಡಿ ಬೇರೊಂದನ್ನು ತಂದು ಕೂರಿಸಿದ. ‘ಆರು ವರ್ಷದ ಸೇವೆಗೆ ಧನ್ಯವಾದ’ ಎಂದು ಒಂದು ಹೂಗುಚ್ಛದ ಚಿತ್ರ ಬೇರೆ ಹಾಕಿದ. ಹೂಗುಚ್ಛ ಅಂತೆ!

“ಅಳಸೂಕಿಂತ ಮೊದಲ ಅದು ಎರಡ ಸಲ ಕೇಳತೈತಲ್ರಿ ಅವ್ವಾರ?” ಎಂದ ಜಿನೇಶ.

“ಕೇಳಿತಪಾ. ‘ಖಂಡಿತ ತೆಗೆಯಬೇಕೇ?’ ಅಂತು. ತಗೀಬೇಕು ಅಂತನ ಬಂದೇನಿ, ಎಷ್ಟ ಸಲಾ ಕೇಳತಿ ಅಂತ ಬೈದು ಒತ್ತಿದೆ.”

ಅತ್ತೆಯ ಜೊತೆ ಬಂದಿದ್ದ ಸಾರಿಕಾ ಮೇಜಿನ ಹತ್ತಿರ ಬಂದಳು. “ದಪ್ತರದ ಒಳಗ ಏನೈತಿ ಅಂತ ನೋಡೂ ಗುಂಡಿಗೆ ನಾ ‘ತಗಿ’ ಅಂತ ಬರದಿದ್ದೆ. ಅಳಸೂದಕ್ಕ ‘ಅಳಸಿ ಒಗಿ’ ಅಂತ. ನಿನ್ನ ಹೊಸಾ ಟೂಲ್ ಏನ ಮಾಡೇತಿ ನೋಡು. ನೋಡೂದು ‘ತೆರೆ’ ಆತು, ಅಳಸೂದು ‘ತೆಗೆ’ ಆತು!”

“ತೆರಿ ಹೊಳ್ಯಾಗ ಏಳತಾವ,” ಎಂದಳು ಯಮುನವ್ವ. “ಅದನ್ನ ನಾ ಯಾಕ ಒತ್ತಲಿ?”

“ಅದು ಪ್ರಮಾಣ ಕನ್ನಡ, ತಾಯಿ,” ಎಂದ ಜಿನೇಶ. ವಯಸ್ಸಿನಲ್ಲಿ ಹಿರಿಯಳೆಂದು ಸಾರಿಕಾಳನ್ನು ಅವನು ಹಾಗೆ ಕರೆಯುತ್ತಿದ್ದ. “ಹೊಸಾ ಟೂಲ್ ಪ್ರಮಾಣ ಶಬ್ದಗಳ ಒಂದ ಯಾದಿ ನೋಡಿ ಎಲ್ಲಾ ತಾನ ತುಂಬತೈತಿ. ಊರಿಗೊಂದ ಶಬ್ದಾ ಹಿಡಕೊಂಡ ಕುಂತ್ರ ಕೆಲಸಾ ಮುಗೀತೈತೇನ್ರಿ? ಎಂಟ ದಿನಾ ಮೊದಲ ನೋಟೀಸ್ ಹಾಕಿದ್ನಲ್ಲ.”

“ಬ್ಯಾಡ ಅಂತ ಬರದಿದ್ದೆ. ನೀ ಏನ ಉತ್ತರಾ ಕೊಟ್ಟಿ? ‘ಗಮನಿಸಲಾಗಿದೆ.’ ನಾ ಏನ ಸರಕಾರಕ್ಕ ಅರ್ಜಿ ಹಾಕಿದ್ನೇನು?”

“ನಿಮ್ಮ ಟೂಲ್ ಬಂದ್ ಮಾಡಿದೆ ಅಂತ ನಿಮಗ ಸಿಟ್ಟು.”

“ಹೌದು, ಸಿಟ್ಟ ಬಂದೈತಿ! ಬರಬಾರದೇನು?”

ಅಷ್ಟರಲ್ಲಿ ಕೋಣೆಯ ಹೊರಗಿಂದ ಜಿನೇಶನ ತಾಯಿ ಚಂಪಾಬಾಯಿಯ ಕೂಗು ಕೇಳಿತು. “ಜಿನೇಶಾ, ಕೈಯಾಗ ಚಹಾ ಐತಿ, ಬಾಗಲಾ ತಗಿಯೋ!” ಜಿನೇಶ ಎದ್ದು ಹೋಗಿ ಬಾಗಿಲು ತೆರೆದು, ತಟ್ಟೆ ಇಸಿದುಕೊಂಡು ಬಂದ.

“ಬಾಗಲಾ ಯಾಕ ಕಿತ್ತ ಒಗೀಲಿಲ್ಲ?” ಎಂದಳು ಸಾರಿಕಾ. “ನಿಮ್ಮವ್ವನ ಮಾತಾದ್ರ ತಿಳೀತೈತಿ. ಯಾದಿ ಬೇಕಾಗೋದಿಲ್ಲ.”

ಅವನ ಮುಖ ಕೆಂಪಾಯಿತು. ಚಹಾ ಯಾರೂ ಮುಟ್ಟಲಿಲ್ಲ. ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿ ಅರ್ಧ ಗಂಟೆ ತಡಕಾಡಿದ. ಯಮುನವ್ವ ಕಣ್ಣು ಮಿಟುಕಿಸದೆ ಅವನ ಕೈಯನ್ನೇ ನೋಡುತ್ತ ಕೂತಳು. ಕೊನೆಗೆ ಅವನು ತಲೆ ಎತ್ತದೆಯೇ ಹೇಳಿದ, “ಹೊಳ್ಳಿ ಬರೂದಿಲ್ರಿ ಅವ್ವಾರ. ಎಲ್ಲಾ ಮೊಬೈಲಿನ್ಯಾಗ ಅಷ್ಟ ಇತ್ತು.”

“ಮೊದಲ ವಹಿಯೊಳಗ ಬರಕೋತಿದ್ದೆ. ವಹಿ ಯಾಕ ಬೇಕ್ರಿ ಅಂದಾವ್ರು ನೀವ,” ಎಂದಳು ಯಮುನವ್ವ. “ನಾಳೆ ಔಷಧಾ ಹಾಕಿದ್ರ ಹೊಟ್ಯಾಗಿನ ಮರಿ ಸಾಯ್ತಾವ. ಹಾಕಲಿಲ್ಲಂದ್ರ ಜಂತಾಗಿ ಕುರಿ ಸಾಯ್ತಾವ. ಯಾವುದನ್ನ ಸಾಯಿಸ್ಲಿ, ನೀವ ಹೇಳ್ರಿ.”

ಜಿನೇಶ ಮೊಬೈಲಿನ ತಂತಿ ಬಿಡಿಸಿ ಅವಳ ಮುಂದೆ ಇಟ್ಟ. “ಹಳೇ ಟೂಲ್ ಹೊಳ್ಳಿ ಹಚ್ಚತೇನಿ, ತಾಯಿ. ಉಳಿದಾವ್ರ ಕುರಿಯಾದ್ರೂ ಉಳೀಲಿ,” ಎಂದ. ನಿವೃತ್ತಿಯಾದದ್ದನ್ನು ಮೂಲೆಯಿಂದ ಹುಡುಕಿ ಎಬ್ಬಿಸಿದ. ಇಷ್ಟು ವರ್ಷ ಅದನ್ನು ನಡೆಸುತ್ತಿದ್ದವಳು ಸಾರಿಕಾ. ಜಿನೇಶ ಅದನ್ನು ನಡೆಸಿದ್ದು ಇದೇ ಮೊದಲು. ಒಂದು ಸಲವೂ ನಡೆಸಿ ನೋಡದೆ ಮನೆಗೆ ಕಳಿಸಿದ್ದ ಪುಣ್ಯಾತ್ಮ.

ಅದು ಸರಸರನೆ ನಾಲ್ಕಾರು ಸಾಲು ಓಡಿ, ಆ ‘ತಗಿ’ ಗುಂಡಿಯ ಹೆಸರು ಬಂದಲ್ಲಿ ಗಕ್ಕನೆ ನಿಂತಿತು. ಪರದೆಯ ಮೇಲೆ ಸಾರಿಕಾ ಎಂದೋ ಬರೆದಿಟ್ಟ ಎರಡು ಸಾಲು ಮೂಡಿದವು: ‘ಈ ಶಬ್ದಾ ಬದಲಾಗೇತಿ. ದಿನಾ ಒತ್ತಾವ್ರಿಗೆ ತೋರಿಸಿ ಕೇಳಿರೇನು? ಹೌದು / ಇಲ್ಲ.’

ಜಿನೇಶನ ಬೆರಳು ಕೀಲಿಗಳ ಮೇಲೆ ತಡೆಯಿತು. ಸಾರಿಕಾಳ ಕಡೆ ನೋಡಿದ. ಅವಳು ಗೋಡೆ ನೋಡುತ್ತಿದ್ದಳು. ಯಮುನವ್ವ ಮುಂದೆ ಬಾಗಿ, ಪರದೆಗೆ ಬೆರಳು ಹಚ್ಚಿ, ಒಂದೊಂದೇ ಅಕ್ಷರ ಕೂಡಿಸಿ ಎರಡೂ ಸಾಲು ಓದಿದಳು.

“ಒತ್ರಿ,” ಎಂದಳು. “ನಾ ಒತ್ತಿದ್ದಕ್ಕ ನನ್ನ ಕುರಿ ಹೋದ್ವು. ಈಗ ನೀವ ಒತ್ರಿ, ನೋಡೂಣು.”